ಹಳ್ಳ ಹಿಡಿದು ಇಳಿಯಬೇಡಿ

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯ ಮನೆಮನೆಗಳಲ್ಲಿ ನಮ್ಮ ಕನ್ನಡ ಅವಧಿಗಾಗಿ ರೇಡಿಯೋ ಹಚ್ಚಿ ಕೂತವರಿಗೆ ಇವತ್ತು ನಾನೊಂದು ತಪ್ಪೊಪ್ಪಿಗೆ ಹೇಳಬೇಕಾಗಿದೆ. ಎರಡು ವರ್ಷದ ಹಿಂದೆ ಮಕ್ಕಳ ಕಾರ್ಯಕ್ರಮದಲ್ಲಿ ಒಬ್ಬ ಹುಡುಗ, "ಕಾಡಿನಲ್ಲಿ ದಾರಿ ತಪ್ಪಿದರೆ ಏನು ಮಾಡಬೇಕು?" ಅಂತ ಕೇಳಿದ್ದ. ಇದೇ ಮೈಕಿನ ಮುಂದೆ ಕೂತು, ಬಹಳ ಧೈರ್ಯವಾಗಿ, "ಒಂದು ಹಳ್ಳ ಹುಡುಕು ಪುಟ್ಟಾ, ಅದರ ಜೊತೆ ಕೆಳಗಿಳಿ, ಊರು ಸಿಕ್ಕೇ ಸಿಗುತ್ತದೆ" ಎಂದಿದ್ದೆ. ಎಲ್ಲೋ ಓದಿದ ಮಾತು. ಬಯಲುಸೀಮೆಯಲ್ಲಿ ಅದು ನಿಜವೂ ಇದ್ದೀತು. ನಮ್ಮ ಸಹ್ಯಾದ್ರಿಯಲ್ಲಿ ಆ ಮಾತು ಕೇಳಿದವರು ಹಳ್ಳ ಹಿಡಿಯುತ್ತಾರೆ, ಕನ್ನಡದಲ್ಲಿ ಆ ಮಾತಿಗೆ ಎಷ್ಟು ಅರ್ಥ ಇದೆಯೋ ಅಷ್ಟೂ ಅರ್ಥದಲ್ಲಿ.

ಅದು ನನಗೆ ಗೊತ್ತಾದದ್ದು ಪನವೇಲಿನ ಆಚೆ, ಪ್ರಬಲಗಡದ ಮೇಲೆ. ಗಣೇಶ ಚತುರ್ಥಿ ಮುಗಿದ ವಾರ. ನಾವು ಏಳು ಜನ ಡೊಂಬಿವಲಿಯವರು, ಜೊತೆಗೆ ಒಬ್ಬ ಗೆಳತಿಯ ಹನ್ನೆರಡು ವರ್ಷದ ಮಗ. ರಾತ್ರಿ ಪ್ರಬಲಮಾಚಿಯಲ್ಲಿ ಡೇರೆ ಹಾಕಿದೆವು, ಬೆಳಿಗ್ಗೆ ಅವಲಕ್ಕಿ ತಿಂದು, ಬಂಡೆಗಳ ಕೊರಕಲು ಹತ್ತಿ ಮೇಲಿನ ಬಯಲಿಗೆ ಹೋದೆವು. ಬಯಲು ಅಂದರೆ ನಿಮ್ಮ ಕಣ್ಣ ಮುಂದೆ ಮೈದಾನ ಬರಬಾರದು. ಅಗಲವಾದ ನೆತ್ತಿ, ಅದರ ತುಂಬ ಕಾಡು, ಕಾಡಿನ ತುಂಬ ಕಾಲುದಾರಿಗಳು. ಕೆಲವು ಮನುಷ್ಯರವು, ಕೆಲವು ದನಗಳವು. ದನದ ದಾರಿ ಊರಿಗೇ ಹೋಗಬೇಕೆಂಬ ನಿಯಮ ಏನೂ ಇಲ್ಲ.

ಹನ್ನೊಂದೂವರೆಗೆ ಮಂಜು ಇಳಿಯಿತು. ಅರ್ಧ ಗಂಟೆಯಲ್ಲಿ ದಾರಿ ಮಾಯ. ಫೋನು ತೆಗೆದೆವು. ನಕಾಶೆಯ ನೀಲಿ ಚುಕ್ಕೆ ಸರಿಯಾಗಿಯೇ ಇತ್ತು, ಡೇರೆಯ ಜಾಗ ನೇರ ಗೆರೆಯಲ್ಲಿ ಒಂದು ಕಿಲೋಮೀಟರಿಗೂ ಕಡಿಮೆ ಎಂದು ತೋರಿಸುತ್ತಿತ್ತು. ಆ ಒಂದು ಕಿಲೋಮೀಟರಿನ ನಡುವೆ ಕಡಿದಾದ ಬಂಡೆಗೋಡೆ ಇದೆ ಎಂಬುದನ್ನು ಮಾತ್ರ ತೋರಿಸಲಿಲ್ಲ. ಅಷ್ಟರಲ್ಲಿ ನೀರಿನ ಸದ್ದು ಕೇಳಿಸಿತು. ನಾನು ರೇಡಿಯೋದವಳು, ನನ್ನ ಮಾತಿಗೆ ಒಂದು ತೂಕ ಇದೆಯಲ್ಲ! "ಹಳ್ಳ ಸಿಕ್ಕಿತು, ಬನ್ನಿ" ಎಂದೆ. ಆ ಹುಡುಗ, "ಹೌದು, ಆಂಟಿ ರೇಡಿಯೋದಲ್ಲೂ ಹೇಳಿದ್ದರು" ಎಂದ. ಇಪ್ಪತ್ತು ನಿಮಿಷ ಹಳ್ಳದ ಕಲ್ಲುಗಳ ಮೇಲೆ ಇಳಿದೆವು. ಹುಡುಗ ಎಲ್ಲರಿಗಿಂತ ಮುಂದೆ.

ಮೇಲಿನಿಂದ ಯಾರೋ ಕೂಗಿದರು. ಕೈಯಲ್ಲಿ ಕೊಯ್ತಾ ಹಿಡಿದ ಒಬ್ಬ ಮುದುಕ, ಅಲ್ಲಿನ ಠಾಕೂರ ವಾಡಿಯವನು. ಬೈಯಲಿಲ್ಲ. ನನ್ನನ್ನು ಮಾತ್ರ ಕರೆದುಕೊಂಡು, ಹುಡುಗ ನಿಂತ ಜಾಗದಿಂದ ಮೂವತ್ತು ಹೆಜ್ಜೆ ಮುಂದೆ ಹೋಗಿ ಪೊದೆ ಸರಿಸಿದ. ಅಲ್ಲಿ ಹಳ್ಳ ಇರಲಿಲ್ಲ. ನೀರು ಮಂಜಿನೊಳಗೆ ಧುಮುಕುತ್ತಿತ್ತು, ಕೆಳಗೆ ಬಿದ್ದ ಸದ್ದು ಕೂಡ ಸ್ಪಷ್ಟವಾಗಿ ಬರುತ್ತಿರಲಿಲ್ಲ. "ಬಾಯಿ, ನೀರು ಇಳಿಯುತ್ತದೆ, ಮನುಷ್ಯ ಇಳಿಯುವುದಿಲ್ಲ" ಎಂದ, ಮರಾಠಿಯಲ್ಲಿ. ಆಮೇಲೆ ಅವನೇ ನಮ್ಮನ್ನು ಕೊರಕಲಿನ ತನಕ ಬಿಟ್ಟು ಬಂದ. ಆ ರಾತ್ರಿ ಹುಡುಗನ ತಾಯಿಗೆ ಫೋನು ಮಾಡಿ ಎಲ್ಲ ಹೇಳಿದೆ. ಅವಳು ಬಹಳ ಹೊತ್ತು ಮಾತಾಡಲಿಲ್ಲ.

ನಾಚಿಕೆಯ ಇನ್ನೊಂದು ಸಂಗತಿ ಉಂಟು. ನನ್ನ ಚೀಲದ ತಳದಲ್ಲಿ, ಕಾಲುಚೀಲದೊಳಗೆ ಸುತ್ತಿಟ್ಟ ಒಂದು ದಿಕ್ಸೂಚಿ ಇತ್ತು. ಬಿ.ಎ. ಓದುವಾಗ ನಾನು ಎನ್‌ಸಿಸಿಯಲ್ಲಿದ್ದೆ. ನಕಾಶೆ ಓದುವುದು ಅಲ್ಲಿಯ ಪಾಠ. ಪರೀಕ್ಷೆ ಪಾಸಾಯಿತು, ವಿದ್ಯೆ ಕಾಲುಚೀಲ ಸೇರಿತು.

ಮನೆಗೆ ಬಂದು ಹಾಳೆ ಹುಡುಕಿದೆ. ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ನಕಾಶೆಗಳ ಬಗ್ಗೆ ನಿಮಗೆ ಸ್ವಲ್ಪ ಹೇಳಬೇಕು. ಕರಾವಳಿಯ ಹಾಳೆಗಳು ಒಂದು ಕಾಲಕ್ಕೆ ನಮ್ಮಂಥವರ ಕೈಗೆ ಸುಲಭವಾಗಿ ಸಿಗುತ್ತಿರಲಿಲ್ಲ. 2005ರ ರಾಷ್ಟ್ರೀಯ ನಕಾಶೆ ನೀತಿ ಸಾರ್ವಜನಿಕರಿಗೆಂದೇ ಬೇರೆ ಸರಣಿ ತಂದಿತು, 2017ರಲ್ಲಿ ಅವುಗಳನ್ನು ಅಂತರಜಾಲದಿಂದ ಉಚಿತವಾಗಿ ಇಳಿಸಿಕೊಳ್ಳುವ ಏರ್ಪಾಡಾಯಿತು. ಹಳೆಯ ಎಣಿಕೆಯಲ್ಲಿ 47 ಇ/4 ಎಂಬ ಹಾಳೆ ಇದೆಯಲ್ಲ, ಅದು ನಮ್ಮದೇ ಹಾಳೆ. ಡೊಂಬಿವಲಿ, ಕಲ್ಯಾಣ, ಖಾರ್ಘರ್, ಮಲಂಗಗಡ ಎಲ್ಲ ಅದೊಂದರಲ್ಲೇ. ಠಾಣೆಯವರೂ ವಾಶಿಯವರೂ ಪಕ್ಕದ 47 ಎ/16ಕ್ಕೆ ಸೇರಿದವರು. ಪ್ರಬಲಗಡ ಮಾತ್ರ 19 ಡಿಗ್ರಿ ಅಕ್ಷಾಂಶದಿಂದ ಸ್ವಲ್ಪ ಕೆಳಗೆ, 47 ಎಫ್/1ರಲ್ಲಿ. ಹೊರಡುವ ಮೊದಲು ನಾನು ನಕಾಶೆ ಒಯ್ದಿದ್ದರೂ ತಪ್ಪು ಹಾಳೆಯನ್ನೇ ಒಯ್ಯುತ್ತಿದ್ದೆನೋ ಏನೋ.

ಈ ನಕಾಶೆಯಲ್ಲಿ ಎರಡು ಸೆಂಟಿಮೀಟರ್ ಅಂದರೆ ನೆಲದ ಮೇಲೆ ಒಂದು ಕಿಲೋಮೀಟರ್. ಕಂದು ಬಣ್ಣದ ಗೆರೆಗಳು ಸಮೋನ್ನತಿ ರೇಖೆಗಳು, ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಗೆರೆ. ಒಂದರಿಂದ ಇನ್ನೊಂದಕ್ಕೆ 20 ಮೀಟರ್ ಎತ್ತರದ ಅಂತರ. ಗೆರೆಗಳು ದೂರ ದೂರ ಇದ್ದರೆ ಆರಾಮವಾಗಿ ನಡೆಯಿರಿ. ಒತ್ತೊತ್ತಾಗಿದ್ದರೆ ಏದುಸಿರು. ಒಂದಕ್ಕೊಂದು ಅಂಟಿಕೊಂಡಿದ್ದರೆ ಅಲ್ಲಿ ಗೋಡೆ. ನಾವು ಇಳಿದ ಹಳ್ಳವನ್ನು ಬೆರಳಿಟ್ಟು ಹಿಂಬಾಲಿಸಿದೆ. ಬೆರಳು ಸ್ವಲ್ಪ ದೂರ ಹೋಗಿ ಕಂದು ಗೆರೆಗಳ ಕಟ್ಟಿನೊಳಗೆ ಸಿಕ್ಕಿಬಿತ್ತು. ಮೇಜಿನ ಮೇಲೆ ಆ ಕಾಗದ ಹರಡಿದ್ದರೆ ಆ ಹುಡುಗ ಕೂಡ ಹೇಳುತ್ತಿದ್ದ, ಇಲ್ಲಿ ಬೇಡ ಅಂತ.

ಕಾರಣ ಈ ಬೆಟ್ಟಗಳ ಹುಟ್ಟಿನಲ್ಲೇ ಇದೆ. ಲಾವಾ ಪದರದ ಮೇಲೆ ಪದರವಾಗಿ ಹರಡಿ ಆದ ಕಲ್ಲು ಇದು. ಭೂವಿಜ್ಞಾನಿಗಳು ಇದನ್ನು ಡೆಕ್ಕನ್ ಟ್ರ್ಯಾಪ್ ಅನ್ನುತ್ತಾರೆ. ಇಲ್ಲಿ ಟ್ರ್ಯಾಪ್ ಎಂದರೆ ಬಲೆಯಲ್ಲ, ಮೆಟ್ಟಿಲು. ಸ್ವೀಡಿಷ್ ಭಾಷೆಯಿಂದ ಬಂದ ಶಬ್ದ. ನೀರು ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಹಾರುತ್ತದೆ. ಮಳೆಗಾಲದಲ್ಲಿ ಕರ್ಜತ್ ಲೋಕಲಿನ ಕಿಟಕಿಯಿಂದ ಬಿಳಿ ದಾರಗಳ ಹಾಗೆ ಕಾಣುವ ಜಲಪಾತಗಳನ್ನು ನೀವೆಲ್ಲ ನೋಡಿದ್ದೀರಿ. ಅವೆಲ್ಲ ಯಾವುದೋ ಹಳ್ಳದ ಕೊನೆ. ಇಳಿಯಲು ದಾರಿ ಇರುವುದು ಹೆಚ್ಚಾಗಿ ಏಣುಗಳ ಮೇಲೆ. ಮರಾಠಿಗರು ಅದಕ್ಕೆ ಸೋಂಡ್ ಅನ್ನುತ್ತಾರೆ, ನಮ್ಮ ಸೊಂಡಿಲು. ಎರಡು ಬೆಟ್ಟದ ನಡುವಿನ ತಗ್ಗು ಖಿಂಡ್, ನಮ್ಮ ಕಿಂಡಿಯ ಸೋದರಿಯ ಹಾಗೆ ಕೇಳಿಸುತ್ತದೆ. ಕಡಾ ಎಂದರೆ ಪ್ರಪಾತದ ಅಂಚು. ಈ ಹೆಸರುಗಳು ನಕಾಶೆಯಲ್ಲೂ ಊರವರ ಬಾಯಲ್ಲೂ ಇರುತ್ತವೆ. ಕನ್ನಡ ಬಿ.ಎ. ಮಾಡಿದವಳಿಗೆ ಇಷ್ಟಾದರೂ ಉಪಯೋಗವಾಗಲಿ!

ಇನ್ನು ದಿಕ್ಸೂಚಿ. ಅದನ್ನು ಕೈಯಲ್ಲಿ ಹಿಡಿದಾಗಲೆಲ್ಲ ನನಗೆ ಶ್ರೀರಂಗಪಟ್ಟಣ ನೆನಪಾಗುತ್ತದೆ. 1799ರ ಏಪ್ರಿಲ್, ಟಿಪ್ಪುವಿನ ಮೇಲೆ ಇಂಗ್ಲಿಷರ ಕೊನೆಯ ಯುದ್ಧ. ಜನರಲ್ ಬೇರ್ಡ್ ರಾತ್ರಿಯಲ್ಲಿ ಒಂದು ತೋಪನ್ನು ಶೋಧಿಸಿ, ಯಾರೂ ಸಿಗದೆ, ಪಾಳೆಯಕ್ಕೆ ಹಿಂತಿರುಗುತ್ತಿದ್ದ. ಅವನ ಜೊತೆಗಿದ್ದ ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿ ಸಪ್ತರ್ಷಿ ಮಂಡಲವನ್ನು ನೋಡಿ, ನಾವು ದಕ್ಷಿಣಕ್ಕಲ್ಲ, ಉತ್ತರಕ್ಕೆ ಹೋಗುತ್ತಿದ್ದೇವೆ, ಟಿಪ್ಪುವಿನ ಸೈನ್ಯದ ಕಡೆಗೇ, ಎಂದು ಎಚ್ಚರಿಸಿದ. ನಕ್ಷತ್ರಗಳನ್ನು ಕೇಳದೆಯೂ ತನಗೆ ದಾರಿ ಗೊತ್ತು ಎಂದ ಬೇರ್ಡ್. ಸ್ವಲ್ಪ ಹೊತ್ತಿಗೆ ಟಿಪ್ಪುವಿನ ಕಾವಲು ಪಡೆ ಎದುರಾಯಿತು. ಆಮೇಲೆ ದೀಪ ಹೊತ್ತಿಸಿ ಜೇಬಿನ ದಿಕ್ಸೂಚಿ ನೋಡಿದರು. ನಕ್ಷತ್ರಗಳೇ ಸರಿ, ಜನರಲ್ಲರೇ ತಪ್ಪು. ಇದೇ ಲ್ಯಾಂಬ್ಟನ್ ಮರುವರ್ಷ ಬೆಂಗಳೂರಿನಲ್ಲಿ ಮಾಪನದ ಆಧಾರರೇಖೆ ಅಳೆದ, 1802ರಲ್ಲಿ ಮದ್ರಾಸಿನಿಂದ ಇಡೀ ದೇಶದ ಮಹಾಮಾಪನ ಶುರು ಮಾಡಿದ, 1823ರಲ್ಲಿ ನಮ್ಮ ಇದೇ ಮಹಾರಾಷ್ಟ್ರದ ಹಿಂಗಣಘಾಟದಲ್ಲಿ ಕೆಲಸದ ನಡುವೆಯೇ ತೀರಿಕೊಂಡ. ಪ್ರಬಲಗಡದ ಮೇಲೆ ನಾನು ಆಡಿದ ಪಾತ್ರ ಲ್ಯಾಂಬ್ಟನ್ನನದಲ್ಲ, ಬೇರ್ಡನದು.

ಉಪಯೋಗಿಸುವ ಕ್ರಮ ಕಷ್ಟವಲ್ಲ. ಪಾರದರ್ಶಕ ಪಟ್ಟಿ ಇರುವ ದಿಕ್ಸೂಚಿ ತಗೊಳ್ಳಿ. ನಕಾಶೆಯ ಮೇಲೆ ಪಟ್ಟಿಯ ಅಂಚನ್ನು ನೀವಿರುವ ಜಾಗದಿಂದ ಹೋಗಬೇಕಾದ ಜಾಗಕ್ಕೆ ಹೊಂದಿಸಿ. ಪಟ್ಟಿಯ ಮೇಲಿನ ಬಾಣ ಹೋಗಬೇಕಾದ ಕಡೆಗೇ ಇರಲಿ, ತಿರುಗುಮುರುಗಾದರೆ ನೀವೂ ತಿರುಗುಮುರುಗು. ಬಿಲ್ಲೆಯನ್ನು ತಿರುಗಿಸಿ ಅದರೊಳಗಿನ ಗೆರೆಗಳನ್ನು ನಕಾಶೆಯ ಉತ್ತರಕ್ಕೆ ಸರಿಹೊಂದಿಸಿ. ಈಗ ದಿಕ್ಸೂಚಿಯನ್ನು ಎದೆಯ ಮುಂದೆ ಮಟ್ಟಸವಾಗಿ ಹಿಡಿದು, ಮುಳ್ಳಿನ ಕೆಂಪು ತುದಿ ಬಿಲ್ಲೆಯ ಉತ್ತರದ ಗುರುತಿನೊಳಗೆ ಬರುವ ತನಕ ನೀವೇ ತಿರುಗಿ. ಬಾಣ ತೋರಿಸುವ ಕಡೆ ಒಂದು ಮರವನ್ನೋ ಬಂಡೆಯನ್ನೋ ಗುರುತಿಸಿಕೊಂಡು ಅಲ್ಲಿಗೆ ನಡೆಯಿರಿ, ಮತ್ತೆ ನೋಡಿ. ಆ ಗೆರೆಯ ನಡುವೆ ಕಡಾ ಇಲ್ಲ ಎಂಬುದನ್ನು ಮೊದಲೇ ನಕಾಶೆಯಲ್ಲಿ ನೋಡಿರಬೇಕು, ಅಷ್ಟೇ. ಅಮೆರಿಕ, ಕೆನಡಾಗಳ ಪುಸ್ತಕಗಳಲ್ಲಿ ಕಾಂತೀಯ ಉತ್ತರ, ನಿಜವಾದ ಉತ್ತರ ಎಂದು ದೊಡ್ಡ ಲೆಕ್ಕಾಚಾರ ಇರುತ್ತದೆ, ಅಲ್ಲಿ ಕೆಲವೆಡೆ ಹತ್ತು ಹದಿನೈದು ಡಿಗ್ರಿ ವ್ಯತ್ಯಾಸ. ನಮ್ಮ ಮುಂಬಯಿ ಸುತ್ತ ಅದು ಒಂದು ಡಿಗ್ರಿಗಿಂತಲೂ ಕಡಿಮೆ. ನಮ್ಮ ಪುಣ್ಯ.

ಆದರೆ ಮುಳ್ಳಿಗೆ ಕಬ್ಬಿಣವೂ ವಿದ್ಯುತ್ತೂ ಆಗುವುದಿಲ್ಲ. ಕೊಲಾಬಾದಲ್ಲಿ ಭೂಕಾಂತತೆ ಅಳೆಯುವ ವೀಕ್ಷಣಾಲಯವಿತ್ತು. ಮುಂಬಯಿಗೆ ವಿದ್ಯುತ್ ಟ್ರ್ಯಾಮು ಬರುತ್ತದೆ ಎಂದಾಗ ಅಳತೆ ಕೆಡುತ್ತದೆಂದು 1904ರಲ್ಲಿ ಆ ಕೆಲಸವನ್ನು ಸಮುದ್ರದಾಚೆಯ ಅಲಿಬಾಗಕ್ಕೆ ಒಯ್ದರು. ಅದನ್ನು ಈಗ ನಡೆಸುವ ಭೂಕಾಂತತ್ವ ಸಂಸ್ಥೆ ಇರುವುದು ನಮ್ಮ ನ್ಯೂ ಪನವೇಲಿನಲ್ಲೇ. ಒಂದು ಟ್ರ್ಯಾಮಿಗೆ ಅಷ್ಟು ಹೆದರಿದ ಮುಳ್ಳನ್ನು ನಾವು ಫೋನು, ಪವರ್ ಬ್ಯಾಂಕುಗಳ ಜೊತೆ ಒಂದೇ ಕೈಯಲ್ಲಿ ಹಿಡಿಯುತ್ತೇವೆ! ಸಹ್ಯಾದ್ರಿಯ ಕಪ್ಪುಕಲ್ಲಿನಲ್ಲೂ ಕಬ್ಬಿಣದ ಅಂಶ ಇರುತ್ತದೆ. ಬಂಡೆಯ ಮೇಲೆ ಇಟ್ಟು ಓದಬೇಡಿ, ನಾಲ್ಕು ಹೆಜ್ಜೆ ಸರಿದು ಮತ್ತೊಮ್ಮೆ ನೋಡಿ.

ಸೂರ್ಯನನ್ನು ನಂಬಬಹುದೇ ಎಂದು ಕೆಲವರು ಕೇಳುತ್ತಾರೆ. ಮೇ ಮಧ್ಯದಿಂದ ಜುಲೈ ಕೊನೆಯ ತನಕ ನಮ್ಮಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕಿರುತ್ತಾನೆ. ಗಡಿಯಾರದ ಮುಳ್ಳಿನಿಂದ ದಕ್ಷಿಣ ಕಂಡುಹಿಡಿಯುವ ಉಪಾಯ ಇಲ್ಲಿ ಕೈಕೊಡುತ್ತದೆ. ಆಕಾಶ ತಿಳಿಯಾಗಿದ್ದ ರಾತ್ರಿ ಧ್ರುವನಕ್ಷತ್ರ ಒಳ್ಳೆಯದು. ನಮ್ಮ ಅಕ್ಷಾಂಶ 19 ಡಿಗ್ರಿ, ಧ್ರುವನ ಎತ್ತರವೂ ಅಷ್ಟೇ, ತೋಳು ಚಾಚಿ ಹಿಡಿದರೆ ದಿಗಂತದಿಂದ ಹೆಚ್ಚು ಕಡಿಮೆ ಎರಡು ಮುಷ್ಟಿ ಮೇಲೆ. ಆದರೆ ರಾತ್ರಿ ಸಹ್ಯಾದ್ರಿಯಲ್ಲಿ ನಡೆಯಲೇಬೇಡಿ. ದಾರಿ ತಪ್ಪಿದ್ದೀರೆಂದು ಅನುಮಾನ ಬಂದ ಕ್ಷಣ ನಿಲ್ಲಿ. ಕೊನೆಯ ಬಾರಿ ಖಾತ್ರಿಯಾಗಿ ಗೊತ್ತಿದ್ದ ಜಾಗಕ್ಕೆ ಹಿಂತಿರುಗಿ. ಅದೂ ಆಗದಿದ್ದರೆ ಒಟ್ಟಿಗೆ ಕೂತು 112ಕ್ಕೆ ಕರೆ ಮಾಡಿ. ಫೋನನ್ನು ನಾನು ಬೈಯುತ್ತಿಲ್ಲ, ಜಿಪಿಎಸ್‌ಗೆ ನೆಟ್‌ವರ್ಕ್ ಬೇಕಾಗಿಲ್ಲ, ನಕಾಶೆ ಮೊದಲೇ ಇಳಿಸಿಕೊಂಡಿದ್ದರೆ ಸಾಕು. ಅದರ ಬ್ಯಾಟರಿ ಕರೆಗೆ ಉಳಿದಿರಲಿ ಎಂಬುದೇ ನನ್ನ ಆಗ್ರಹ. ಠಾಣೆಯ ಶ್ರೋತೃಗಳಿಗೆ ಒಂದು ಮಾತು: ಯೇಊರ್ ಕಾಡು ರಾಷ್ಟ್ರೀಯ ಉದ್ಯಾನದ ಭಾಗ, ಚಿರತೆಗಳ ಮನೆ. ಅಲ್ಲಿ ಡೇರೆಯ ಯೋಚನೆ ಬೇಡ.

ಅಭ್ಯಾಸಕ್ಕೆ ಬೆಟ್ಟ ಹತ್ತಬೇಕಿಲ್ಲ. ಮಲಂಗಗಡ ನಿಮ್ಮಲ್ಲಿ ಅನೇಕರಿಗೆ ದೂರದಲ್ಲಿ ಕಾಣುತ್ತದೆ. ಡೊಂಬಿವಲಿಯಿಂದ ಅದು ಆಗ್ನೇಯಕ್ಕೆ, ಸುಮಾರು 140 ಡಿಗ್ರಿ. ಖಾರ್ಘರಿನವರಿಗೆ ಅದೇ ಬೆಟ್ಟ ಈಶಾನ್ಯ. 140ಕ್ಕೆ 180 ಕೂಡಿಸಿದರೆ 320, ಬೆಟ್ಟದಿಂದ ಆ ದಿಕ್ಕಿಗೆ ಗೆರೆ ಎಳೆದರೆ ನೀವು ಆ ಗೆರೆಯ ಮೇಲೆ ಎಲ್ಲೋ ಇದ್ದೀರಿ. ಇನ್ನೊಂದು ಗುರುತಿನ ಬೆಟ್ಟದಿಂದ ಹಾಗೆಯೇ ಎಳೆಯಿರಿ, ಎರಡು ಗೆರೆ ಕೂಡಿದಲ್ಲಿ ನಿಮ್ಮ ಮನೆ.

ಇದನ್ನು ಪ್ರಬಲಗಡದ ಆ ಹುಡುಗನಿಗೆ ಹೇಳಿಕೊಟ್ಟು, ನನ್ನ ದಿಕ್ಸೂಚಿಯನ್ನು ಅವನಿಗೇ ಕೊಟ್ಟೆ. ಹೋದ ಭಾನುವಾರ ಬೆಳಿಗ್ಗೆ ಫೋನು ಬಂತು.

"ಆಂಟಿ, ಮಲಂಗಗಡ 165 ತೋರಿಸ್ತಾ ಇದೆ. ನಕಾಶೆಯಲ್ಲಿ 140. ನೀವು ಮತ್ತೆ ತಪ್ಪು ಹೇಳಿದ್ರಾ?"

"ಎಲ್ಲಿ ನಿಂತಿದ್ದೀಯಪ್ಪಾ?"

"ಗಚ್ಚಿ ಮೇಲೆ. ನೀರಿನ ಟಾಂಕಿಯ ಕಬ್ಬಿಣದ ಏಣಿ ಹತ್ತಿ ಕೂತಿದೀನಿ."

"ಇಳಿದು ಮೈದಾನಕ್ಕೆ ಹೋಗು" ಎಂದೆ.