ಬಾಣಬಿರುಸಿನ ಬೆಳಕೂ ಗಾಳಿಯ ದಿಕ್ಕೂ

1443ರಲ್ಲಿ ವಿಜಯನಗರಕ್ಕೆ ಬಂದ ಹೆರಾತಿನ ರಾಯಭಾರಿ ಅಬ್ದುರ್ ರಜಾಕನೂ, 1520ರ ಸುಮಾರಿನಲ್ಲಿ ಬಂದ ಪೋರ್ಚುಗೀಸರ ಪೇಸನೂ ಮಹಾನವಮಿಯ ಬಾಣಬಿರುಸನ್ನು ಕಂಡು ಬರೆದಿಟ್ಟಿದ್ದಾರೆ. ಅವರಿಗೆ ಲೇಖನಿಯೊಂದೇ ಸಾಕಾಗಿತ್ತು. ಲೇಖನಿಗೆ ಮಳೆಯ ಭಯವಿಲ್ಲ. ಬಿಡಾರಕ್ಕೆ ಹೋಗಿ ನಿಧಾನವಾಗಿ ಬರೆಯಬಹುದು. ಕ್ಯಾಮರಾ ಹಿಡಿದವನ ಪಾಡು ಹಾಗಲ್ಲ. ನಮ್ಮ ದಸರೆ ಬರುವುದು ಹಸ್ತ, ಚಿತ್ತಾ ಮಳೆಗಳ ಕಾಲದಲ್ಲಿ. ದೀಪಾವಳಿ ಸ್ವಾತಿಯ ಆಸುಪಾಸಿನಲ್ಲಿ. ಮಧ್ಯಾಹ್ನ ಉರಿಬಿಸಿಲು, ಸಂಜೆಗೆ ಕವಿದ ಮೋಡ, ರಾತ್ರಿ ಏನೆಂದು ಯಾರೂ ಹೇಳಲಾರರು.

ಬಾಲ್ಯದಲ್ಲಿ ವಿಜಯದಶಮಿಯ ರಾತ್ರಿ ನನ್ನ ಕೈಹಿಡಿದು ಬನ್ನಿಮಂಟಪದ ಪಂಜಿನ ಕವಾಯತಿಗೆ ಕರೆದೊಯ್ಯುತ್ತಿದ್ದವರು ನಮ್ಮ ತಾಯಿ. ಈಚೆಗೆ ಅವರಿಗೆ ಅಷ್ಟು ದೂರ ಹೋಗಲಾಗದು. ಒಂದು ವರ್ಷ, “ಬಾಣಬಿರುಸು ಬಿಟ್ಟಾಗ ಒಂದು ಫೋಟೋ ತೆಗೆದುಕೊಂಡು ಬಾರೋ, ಇಲ್ಲೇ ಕೂತು ನೋಡ್ತೀನಿ” ಎಂದರು. ಅಂದು ಒಂದು ಹನಿಯೂ ಬೀಳಲಿಲ್ಲ. ನಾನು ಹಿಗ್ಗಿಹೋದೆ. ಮನೆಗೆ ಬಂದು ನೋಡಿದರೆ, ಮೊದಲ ಎರಡನ್ನು ಬಿಟ್ಟು ಉಳಿದ ಚಿತ್ರಗಳೆಲ್ಲ ಕೆಂಪು ಹಸಿರು ಮೋಡದ ಮುದ್ದೆಗಳು; ಆ ಎರಡೂ ಕೈ ಅಲುಗಿ ಕೆಟ್ಟಿದ್ದವು. ನಮ್ಮ ತಾಯಿ ಕನ್ನಡಕ ಏರಿಸಿ, “ಇದೇನೋ, ಹಸಿ ಸೌದೆಯ ಒಲೆಯ ಹಾಗಿದೆಯಲ್ಲ!” ಎಂದರು.

ಮಾತು ನಿಜ. ಮಳೆಯನ್ನೇ ಕಾಯುತ್ತ ಕುಳಿತ ನಾನು ಗಾಳಿಯನ್ನು ಮರೆತಿದ್ದೆ. ಗಾಳಿ ನನ್ನ ಮುಖಕ್ಕೆ ಬೀಸುತ್ತಿತ್ತು. ಹೊಗೆಯೆಲ್ಲ ನನ್ನ ಕಡೆಗೇ ಬಂತು. ತೇವದ ರಾತ್ರಿ ಗಾಳಿ ಸತ್ತುಹೋದರಂತೂ ಹೊಗೆ ಇದ್ದಲ್ಲೇ ನಿಂತುಬಿಡುತ್ತದೆ.

ಈ ಚಿತ್ರ ತೆಗೆಯುವ ಬಗೆಯೇ ಬೇರೆ. ಇಲ್ಲಿ ಕ್ಷಣವನ್ನು ಹಿಡಿಯುವುದಲ್ಲ, ಕಿಡಿ ನಡೆದ ದಾರಿಯನ್ನು ಹಿಡಿಯುವುದು. ಕ್ಯಾಮರಾವನ್ನು ಗಟ್ಟಿಯಾದ ಮುಕ್ಕಾಲಿಯ ಮೇಲೆ ನಿಲ್ಲಿಸಿ, ಬಾಣ ಮೇಲೇಳುವಾಗ ಷಟರ್ ತೆರೆದು, ಹೂವು ಅರಳಿ ಬಾಡುವವರೆಗೆ, ಎಂದರೆ ಎರಡರಿಂದ ನಾಲ್ಕು ಸೆಕೆಂಡು, ತೆರೆದೇ ಇಡಬೇಕು. ಕಿಡಿ ಒಂದೆಡೆ ನಿಲ್ಲುವುದಿಲ್ಲವಾದ್ದರಿಂದ ಗೆರೆಯ ಹೊಳಪು ಕಾಲವನ್ನು ಅವಲಂಬಿಸುವುದಿಲ್ಲ. ಅದನ್ನು ನಿರ್ಣಯಿಸುವುದು ಲೆನ್ಸಿನ ಕಿಂಡಿ. ಕಾಲ ಹೆಚ್ಚಿದರೆ ಗೆರೆ ಉದ್ದವಾಗುತ್ತದೆ, ಅಷ್ಟೆ. ಐ.ಎಸ್.ಓ. 100, ಕಿಂಡಿ ಎಫ್ 8ರಿಂದ 16ರೊಳಗೆ, ಫೋಕಸ್ಸನ್ನು ಮೊದಲೇ ದೂರದ ದೀಪವೊಂದಕ್ಕೆ ಹೊಂದಿಸಿ ಅಲ್ಲೇ ಕಟ್ಟಿಹಾಕುವುದು, ಇಷ್ಟು ಸಾಕು. ಫ್ಲಾಷ್ ಹಾರಿಸುವವರನ್ನು ಕಂಡರೆ ನನಗೆ ನಗು. ಆ ಬೆಳಕು ಮುಗಿಲಿಗೆ ಮುಟ್ಟೀತೇ? ಮುಂದೆ ನಿಂತವರ ತಲೆಗಳು ಮಾತ್ರ ಚೆನ್ನಾಗಿ ಬಂದಾವು.

ಆದರೆ ಹೊಗೆ ಕಿಡಿಯಂತೆ ಓಡುವುದಿಲ್ಲ. ಷಟರ್ ತೆರೆದಷ್ಟು ಹೊತ್ತೂ ಅದರ ಮೇಲೆ ಬಿದ್ದ ಬೆಳಕು ಚಿತ್ರದಲ್ಲಿ ತುಂಬುತ್ತ ಹೋಗುತ್ತದೆ. ಆದ್ದರಿಂದಲೇ ಗಾಳಿ ನಮ್ಮ ಬೆನ್ನಿಗಾಗಲಿ ಪಕ್ಕಕ್ಕಾಗಲಿ ಇರಬೇಕು. ಮೊದಲ ಕೆಲವು ನಿಮಿಷಗಳನ್ನು ಕಳೆದುಕೊಳ್ಳಬಾರದು. ಕೆಂಪಿಗೆ ಸ್ಟ್ರಾನ್ಷಿಯಂ, ಹಸಿರಿಗೆ ಬೇರಿಯಂ, ನೀಲಿಗೆ ತಾಮ್ರದ ಲವಣ. ಇವುಗಳಲ್ಲಿ ನೀಲಿಯನ್ನು ಹೊಳೆಯುವಂತೆ ಮಾಡುವುದೇ ಕಷ್ಟ. ಹೊಗೆ ಕವಿದಾಗ ಮೊದಲು ಮಾಯವಾಗುವುದೂ ಅದೇ.

ಮರುವರ್ಷ ಮೈದಾನದ ಎರಡು ದಿಕ್ಕಿನಲ್ಲೂ ಪರಿಚಿತರ ತಾರಸಿಗಳನ್ನು ಗೊತ್ತುಮಾಡಿಕೊಂಡೆ. ಸಂಜೆ ಒಂದು ಊದುಬತ್ತಿ ಹಚ್ಚಿ, ಅದರ ಹೊಗೆ ಹೋದ ದಿಕ್ಕನ್ನು ನೋಡಿ ಒಂದನ್ನು ಆರಿಸಿದೆ. ಕ್ಯಾಮರಾಕ್ಕೆ ತೂತು ಮಾಡಿದ ಪ್ಲಾಸ್ಟಿಕ್ ಚೀಲ. ಲೆನ್ಸಿನ ಹನಿ ಒರೆಸಲು ಹಳೆಯ ಪಂಚೆಯ ತುಂಡು. ಒಂದು ಹನಿ ನಿಂತರೂ ಚಿತ್ರದಲ್ಲಿ ಬಿಲ್ಲೆಯಂಥ ಬೆಳಕಿನ ಕಲೆ ಬೀಳುತ್ತದೆ. ತುಂತುರು ಶುರುವಾಗಿಯೇ ಬಿಟ್ಟಿತು. ಗುಡುಗಿದ್ದರೆ ನಾನು ಇಳಿದುಬಿಡುತ್ತಿದ್ದೆ. ಗುಡುಗು ಕಿವಿಗೆ ಬಿದ್ದ ಮೇಲೆ ತಾರಸಿಯಲ್ಲಾಗಲಿ ಬಯಲಲ್ಲಾಗಲಿ ನಿಲ್ಲುವುದು ಧೈರ್ಯವಲ್ಲ, ಮೌಢ್ಯ. ಅಂದು ಬರೀ ಹನಿ, ಜೊತೆಗೆ ಒಳ್ಳೆಯ ಗಾಳಿ. ಹೊಗೆ ಹುಟ್ಟಿದ ಹಾಗೇ ಪಕ್ಕಕ್ಕೆ ಸರಿದುಹೋಗುತ್ತಿತ್ತು. ಷಟರನ್ನು ತೆರೆದೇ ಇಟ್ಟು, ನಡುನಡುವೆ ಕಪ್ಪು ರಟ್ಟಿನಿಂದ ಲೆನ್ಸಿಗೆ ಮರೆಮಾಡಿ, ಒಂದೇ ಚಿತ್ರದಲ್ಲಿ ಮೂರು ಹೂಗಳನ್ನು ಕೂರಿಸಿದೆ. ಕೆಳಗೆ ನೆನೆದ ರಸ್ತೆಯಲ್ಲಿ ಅವುಗಳ ಬಣ್ಣ ಮಿನುಗಿತ್ತು. ಮಳೆ ಬಾರದಿದ್ದರೆ ಅದೆಲ್ಲಿ ಸಿಗುತ್ತಿತ್ತು?

ಚಿತ್ರವನ್ನು ದೊಡ್ಡದಾಗಿ ಅಚ್ಚು ಹಾಕಿಸಿ ತಾಯಿಯವರ ಕೈಗಿತ್ತೆ. ಬೆರಳಿನಿಂದ ಒಂದೊಂದು ಎಳೆಯನ್ನೂ ಸವರಿ ನೋಡಿದರು. “ನೀಲಿನೂ ಬಂದಿದೆ” ಎಂದರು. ಬಹಳ ಹೊತ್ತಾದ ಮೇಲೆ, “ಸದ್ದೊಂದು ಇಲ್ಲ ನೋಡು” ಎಂದರು. ಬಾಯಲ್ಲೇ ಆ ಸದ್ದನ್ನೂ ಮಾಡಿ ತೋರಿಸಬೇಕಾಯಿತು.