ಮೂಸೆ ಇಲ್ಲದ ಎರಕ

ಶಿವಮೊಗ್ಗದ ವಿನೋಬನಗರದಿಂದ ಭದ್ರಾವತಿಗೆ ಹೊರಟವರಿಗೆ ದಾರಿಯಲ್ಲಿ ಮಾಚೇನಹಳ್ಳಿಯ ಫೌಂಡ್ರಿಗಳು ಸಿಗುತ್ತವೆ. ಮುಂದೆ ಹೋದರೆ, 1923ರಲ್ಲಿ ಉತ್ಪಾದನೆ ಆರಂಭಿಸಿದ, ಇಂದು ವಿಶ್ವೇಶ್ವರಯ್ಯನವರ ಹೆಸರು ಹೊತ್ತ ಕಬ್ಬಿಣದ ಕಾರ್ಖಾನೆ. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು ಸೇರಿ ಅಲ್ಲಿ ಕಬ್ಬಿಣ ಹರಿಯಿತು. ಇಂಥ ಊರಿಗೆ ಕರಗಿದ ಲೋಹ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದು ಅನ್ನದ ಪ್ರಶ್ನೆ. ಅಚ್ಚಿನ ಮೂಲೆ ತುಂಬುವ ಮೊದಲೇ ಲೋಹ ಗಟ್ಟಿಯಾದರೆ ಆ ಎರಕ ಗುಜರಿಗೇ ಸೈ.

ಜೇನು ಮಂದ, ನೀರು ಚುರುಕು. ಈ ಅಂತರದ ಅಳತೆಯೇ ಸ್ನಿಗ್ಧತೆ. 1538 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವ ಕಬ್ಬಿಣದ ಸ್ನಿಗ್ಧತೆ ನೀರಿನ ಐದಾರು ಪಟ್ಟು ಮಾತ್ರ. ಎರಕವನ್ನು ಮೊದಲು ಕಂಪ್ಯೂಟರಿನಲ್ಲೇ ಹೊಯ್ದು ನೋಡುವ ಇಂದಿನ ಎಂಜಿನಿಯರಿಗೆ ಈ ಅಂಕಿ ನಿಖರವಾಗಿ ಬೇಕು.

ಆದರೆ ಟೈಟಾನಿಯಂ, ಜಿರ್ಕೋನಿಯಂನಂಥ ಲೋಹಗಳು ಕರಗಿದಾಗ ತಮ್ಮನ್ನು ಹಿಡಿದ ಮೂಸೆಯನ್ನೇ ತಿನ್ನುತ್ತವೆ. ಮೂಸೆಯ ಅಂಶ ಬೆರೆತ ಮೇಲೆ ಅಳತೆಗೆ ಏನು ಬೆಲೆ? ಅದಕ್ಕೇ ವಿಜ್ಞಾನಿಗಳು ಮೂಸೆಯನ್ನೇ ಬಿಟ್ಟರು. ತಾಮ್ರದ ಸುರುಳಿಯಲ್ಲಿ ವಿದ್ಯುತ್ ಹರಿಸಿದರೆ ಲೋಹದ ಗುಂಡು ಏನಕ್ಕೂ ತಾಗದೆ ತೇಲುತ್ತದೆ, ಕರಗುತ್ತದೆ. ಭೂಮಿಯ ಮೇಲೆ ಮಾತ್ರ ಅದರ ಭಾರ ಹೊರಲು ಬೇಕಾದ ಬಲವೇ ಹನಿಯೊಳಗೆ ಸುಳಿಗಳನ್ನೆಬ್ಬಿಸಿ ಅಳತೆ ಕೆಡಿಸುತ್ತದೆ.

ಕಕ್ಷೆಯಲ್ಲಿ ಭಾರದ ಕಾಟವಿಲ್ಲ. 1994 ಮತ್ತು 1997ರಲ್ಲಿ ಅಮೆರಿಕದ ಬಾಹ್ಯಾಕಾಶ ನೌಕೆಗಳಲ್ಲಿ ಜರ್ಮನಿಯ ‘ಟೆಂಪಸ್’ ಉಪಕರಣ ಈ ಕೆಲಸ ಮಾಡಿತು. ಅದರ ಮುಂದಿನ ಪೀಳಿಗೆಯ ಕುಲುಮೆ 2014ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಯಿತು. ತೇಲುವ ಹನಿಯನ್ನು ಕ್ಷಣಮಾತ್ರ ಹಿಂಡಿ ಬಿಡುತ್ತಾರೆ. ಹನಿ ಅದುರುತ್ತದೆ, ವೇಗದ ಕ್ಯಾಮೆರಾ ಅದನ್ನು ಸೆರೆಹಿಡಿಯುತ್ತದೆ. ಸೆಕೆಂಡಿಗೆ ಎಷ್ಟು ಸಲ ಅದುರಿತು ಎಂಬುದರಿಂದ ಮೇಲ್ಮೈ ಎಳೆತ ತಿಳಿಯುತ್ತದೆ. ಅದುರಾಟ ಎಷ್ಟು ಬೇಗ ಅಡಗಿತು ಎಂಬುದರಿಂದ ಸ್ನಿಗ್ಧತೆ. ಇಷ್ಟು ಸರಳವಾದ ಉಪಾಯ ಇಷ್ಟು ದೂರ ಹೋಗಿ ಫಲಿಸಿದ್ದು ನಿಜಕ್ಕೂ ಬೆರಗಿನ ಸಂಗತಿ.

ಕನ್ನಡ ನಾಡಿಗೂ ಈ ದಾರಿ ಹೊಸದಲ್ಲ. 2007ರ ಜನವರಿ 10ರಂದು ಇಸ್ರೋ ಹಾರಿಸಿದ ಎಸ್‌ಆರ್‌ಇ-1 ಕೋಶದಲ್ಲಿ ಒಂದು ಪುಟ್ಟ ಕುಲುಮೆಯಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ವಿಕ್ರಮ್ ಸಾರಾಭಾಯ್ ಬಾಹ್ಯಾಕಾಶ ಕೇಂದ್ರ ಕೂಡಿ ರೂಪಿಸಿದ ಆ ಪ್ರಯೋಗದಲ್ಲಿ ಲೋಹ ಕರಗಿ, ಮತ್ತೆ ಹರಳುಗಟ್ಟುವ ಬಗೆಯನ್ನು ಪರೀಕ್ಷಿಸಲಾಯಿತು. ಅಲ್ಲಿ ಅಳೆದದ್ದು ಸ್ನಿಗ್ಧತೆಯನ್ನಲ್ಲ. ಆದರೂ ಕಕ್ಷೆಯಲ್ಲಿ ಲೋಹ ಕರಗಿಸುವ ವಿದ್ಯೆ ಕೈಗೆ ಬಂತು. 12 ದಿನಗಳ ಬಳಿಕ ಕೋಶ ಬಂಗಾಳಕೊಲ್ಲಿಗೆ ಸುರಕ್ಷಿತವಾಗಿ ಇಳಿಯಿತು.

2035ರ ವೇಳೆಗೆ ಭಾರತ ತನ್ನದೇ ಅಂತರಿಕ್ಷ ನಿಲ್ದಾಣ ಕಟ್ಟುವ ಗುರಿ ಇಟ್ಟುಕೊಂಡಿದೆ. ಅದರಲ್ಲಿ ಲೋಹವನ್ನು ತೇಲಿಸಿ ಕರಗಿಸುವ ಒಂದು ಕುಲುಮೆ ಇರಲೇಬೇಕು. ಆ ಬೇಡಿಕೆ ಶಿವಮೊಗ್ಗ, ಭದ್ರಾವತಿಯ ಫೌಂಡ್ರಿಗಳಿಂದ, ಎಂಜಿನಿಯರಿಂಗ್ ಕಾಲೇಜುಗಳಿಂದ ಈಗಲೇ ಹೊರಡಲಿ.