ಪಟ್ಟೆ ಮಾಯವಾಗಬೇಕು
(ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ನಾನು ಓದಿದ್ದು ಬಿ.ಇ., ಮಾಡುವ ಕೆಲಸ ಸಾಫ್ಟ್‌ವೇರ್. ಆದರೆ ನಮ್ಮ ತಂಡದ ಪ್ರೋಗ್ರಾಂಗಳು ಅಳೆಯುವುದು ಜೀವವಿಜ್ಞಾನದ ಪ್ರಯೋಗಾಲಯಗಳಲ್ಲಿ ತೆಗೆದ ಚಿತ್ರಗಳನ್ನು. ಅಲ್ಲಿನ ಒಂದು ಪರೀಕ್ಷೆಯ ವಿಷಯ ಹೇಳುತ್ತೇನೆ.

ಹತ್ತನೇ ತರಗತಿಯವರು ಉಸಿರಾಟದ ಪಾಠದಲ್ಲಿ ಎಟಿಪಿ ಎಂಬ ಹೆಸರು ಕೇಳಿದ್ದೀರಿ. ಅದರಿಂದ ಒಂದು ಫಾಸ್ಫೇಟನ್ನು ತೆಗೆದು ಬೇರೊಂದು ಪ್ರೋಟೀನಿಗೆ ಅಂಟಿಸುವ ಪ್ರೋಟೀನೇ ಪ್ರೋಟೀನ್ ಕೈನೇಸ್. ಅಂಟಿಸಿದೊಡನೆ ಆ ಪ್ರೋಟೀನಿನ ಕೆಲಸ ಶುರುವಾಗಬಹುದು, ನಿಲ್ಲಲೂಬಹುದು. ಪಂಪ್‌ಸೆಟ್ಟಿನ ಸ್ವಿಚ್ಚಿನ ಹಾಗೆ. ನಮ್ಮ ದೇಹದಲ್ಲಿ ಕೈನೇಸ್‌ಗಳು 500ಕ್ಕೂ ಹೆಚ್ಚು. ಸ್ನಾಯುವಿನಲ್ಲಿ ಈ ಸ್ವಿಚ್ಚನ್ನು ಕಂಡುಹಿಡಿದ ಎಡ್ಮಂಡ್ ಫಿಷರ್ ಮತ್ತು ಎಡ್ವಿನ್ ಕ್ರೆಬ್ಸ್ ಅವರಿಗೆ 1992ರಲ್ಲಿ ನೊಬೆಲ್ ಬಂತು. ಒಂದು ಕೈನೇಸ್ ನಿಲ್ಲದೆ ಓಡುತ್ತಲೇ ಇದ್ದರೆ ಒಂದು ಬಗೆಯ ರಕ್ತದ ಕ್ಯಾನ್ಸರ್ ಬರುತ್ತದೆ. ಅದನ್ನು ನಿಲ್ಲಿಸುವ ಇಮ್ಯಾಟಿನಿಬ್ ಔಷಧಿಗೆ 2001ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಇವತ್ತು ನಮ್ಮ ನಾಡಿನಲ್ಲೂ ಆ ಮಾತ್ರೆ ನುಂಗಿ ದುಡಿಮೆಗೆ ಹೋಗುವವರಿದ್ದಾರೆ.

ಕಣ್ಣಿಗೆ ಕಾಣದ ಈ ಕೈನೇಸನ್ನು ಹುಡುಕುವುದು ಹೇಗೆ? ಅದರ ಒಂದು ಸಣ್ಣ ತುಣುಕನ್ನು, ಸುಮಾರು 10–20 ಅಮೈನೋ ಆಮ್ಲಗಳ ಸರಪಳಿಯನ್ನು, ಕೃತಕವಾಗಿ ತಯಾರಿಸುತ್ತಾರೆ. ಇದು ಪೆಪ್ಟೈಡ್. ಇದನ್ನು ದೊಡ್ಡ ಪ್ರೋಟೀನೊಂದಕ್ಕೆ ಜೋಡಿಸಿ ಮೊಲಕ್ಕೆ ಚುಚ್ಚಿದರೆ, ಮೊಲದ ರಕ್ತದಲ್ಲಿ ಆ ತುಣುಕನ್ನು ಗುರುತು ಹಿಡಿಯುವ ಪ್ರತಿಕಾಯಗಳು ಹುಟ್ಟುತ್ತವೆ. ಜೀವಕೋಶದ ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸಿ, ತೆಳು ಪೊರೆಯ ಮೇಲೆ ಕೂರಿಸಿ, ಪ್ರತಿಕಾಯ ಸುರಿಯುತ್ತಾರೆ. ಅದು ಕಚ್ಚಿಕೊಂಡ ಕಡೆ ಒಂದು ಪಟ್ಟೆ ಮೂಡುವಂತೆ ಮಾಡುತ್ತಾರೆ.

ಪಟ್ಟೆ ಮೂಡಿತು ಎಂದು ಹಿಗ್ಗುವ ಹಾಗಿಲ್ಲ. ಪ್ರತಿಕಾಯ ಇನ್ನೆಲ್ಲೋ ಅಂಟಿರಬಹುದು. ಅದಕ್ಕೇ ಆ ಪೆಪ್ಟೈಡನ್ನೇ ಧಾರಾಳವಾಗಿ ಪ್ರತಿಕಾಯದ ಜೊತೆ ಮೊದಲೇ ಬೆರೆಸಿಡುತ್ತಾರೆ. ಕೀಲಿಗೆ ಮೊದಲೇ ಒಂದು ಪುಟ್ಟ ಬೀಗ ಸಿಕ್ಕಿಸಿದಂತೆ. ಇನ್ನು ಅದು ಬಾಗಿಲಿನ ಬೀಗಕ್ಕೆ ಹೋಗದು. ಈಗ ಪಟ್ಟೆ ಮಾಯವಾಗಬೇಕು. ಹಾಗೇ ಉಳಿದರೆ ಅದು ಸುಳ್ಳು ಪಟ್ಟೆ. ಫಾಸ್ಫೇಟ್ ಅಂಟಿದ ರೂಪವನ್ನಷ್ಟೇ ಹಿಡಿಯಬೇಕಾದ ಪ್ರತಿಕಾಯಕ್ಕೆ ಎರಡು ಪೆಪ್ಟೈಡ್ ಬೇಕು: ಫಾಸ್ಫೇಟ್ ಇರುವುದು ಪಟ್ಟೆಯನ್ನು ಅಳಿಸಬೇಕು, ಇಲ್ಲದ್ದು ಅಳಿಸಬಾರದು. ನನಗೆ ತುಂಬಾ ಹಿಡಿಸಿದ್ದು ಇದೇ. ನಮ್ಮ ಕೆಲಸದಲ್ಲೂ ಸರಿಯಾದ ಪಾಸ್‌ವರ್ಡಿಗೆ ತೆರೆದುಕೊಂಡರೆ ಸಾಲದು, ತಪ್ಪು ಪಾಸ್‌ವರ್ಡಿಗೆ ತೆರೆಯಲೂಬಾರದು.

ಆದರೆ ಪಟ್ಟೆ ಮಾಯವಾದರೂ ಪೂರ್ತಿ ನಂಬುವಂತಿಲ್ಲ. ಕೈನೇಸ್‌ಗಳು ಅಣ್ಣತಮ್ಮಂದಿರ ಹಾಗೆ, ಹಲವಕ್ಕೆ ಒಂದೇ ಮೂಗು, ಒಂದೇ ಕಣ್ಣು. ಪ್ರತಿಕಾಯ ಅಣ್ಣನ ಬದಲು ತಮ್ಮನನ್ನು ಹಿಡಿದಿದ್ದರೂ ಪೆಪ್ಟೈಡ್ ಹಾಕಿದಾಗ ಪಟ್ಟೆ ಹೋಗಿಯೇ ಹೋಗುತ್ತದೆ. ಆದ್ದರಿಂದ ಆ ಕೈನೇಸಿನ ಜೀನನ್ನೇ ತೆಗೆದುಹಾಕಿದ ಜೀವಕೋಶಗಳಲ್ಲೂ ನೋಡುತ್ತಾರೆ. ಅಲ್ಲೂ ಪಟ್ಟೆ ಬಂದರೆ ಸಿಕ್ಕಿದ್ದು ಬೇರೆ ಯಾರೋ. ಹೊಸ ಔಷಧಿ ಕೈನೇಸನ್ನು ನಿಲ್ಲಿಸಿತೇ ಎಂದು ತಿಳಿಯಲೂ ಇಂಥ ಪಟ್ಟೆಗಳನ್ನು ನೋಡುತ್ತಾರೆ. ಅವು ಸುಳ್ಳಾದರೆ ವರ್ಷಗಟ್ಟಲೆಯ ದುಡಿಮೆ ಮಣ್ಣುಪಾಲು, ಕಾಯುವ ರೋಗಿಗೆ ಇನ್ನಷ್ಟು ತಡ.

ಪೆಪ್ಟೈಡ್ ಹಾಕದ ಮತ್ತು ಹಾಕಿದ ಎರಡು ಚಿತ್ರಗಳನ್ನು ದೊಡ್ಡದಾಗಿ ಮುದ್ರಿಸಿ ತಂದಿದ್ದೇನೆ. ಊಟವಾದ ಮೇಲೆ ವಿಜ್ಞಾನದ ಕೊಠಡಿಗೆ ಬನ್ನಿ. ಯಾವುದು ಯಾವುದೆಂದು ಮಕ್ಕಳೇ ಹೇಳಲಿ.